ಸಂತೆಯೂ ಅವರದೇ, ಅಂಗಡಿಯೂ ಅವರದೇ

ಓದುಗರ ಪತ್ರ: ನಾವು ಚನ್ನಪಟ್ಟಣದವರು, ಅರಗಿನ ಬಣ್ಣದ ಮರದ ಗೊಂಬೆ ಮಾಡುವ ಮನೆತನ. ಐದು ವರ್ಷದಿಂದ ಒಂದು ಆನ್‌ಲೈನ್ ತಾಣದಲ್ಲಿ ಮಾರುತ್ತಿದ್ದೇವೆ. ಮಕ್ಕಳು ದಾರ ಹಿಡಿದು ಎಳೆಯುವ ಆನೆ ಚೆನ್ನಾಗಿ ಹೋಗುತ್ತಿತ್ತು. ಕಳೆದ ದೀಪಾವಳಿ ಹೊತ್ತಿಗೆ ಅದೇ ಅಳತೆಯ, ಅದೇ ಮೂರು ಬಣ್ಣದ ಆನೆ ಬೇರೆ ಅಂಗಡಿ ಹೆಸರಲ್ಲಿ ನಮ್ಮದಕ್ಕಿಂತ ಮೇಲೆ ಬಂತು. ಬೆಲೆ 40 ರೂಪಾಯಿ ಕಡಿಮೆ. ನಮ್ಮದು ಮೂರನೇ ಪುಟಕ್ಕೆ ಹೋಯಿತು. ಸ್ಪರ್ಧಾ ಕಾಯ್ದೆ ಅಂತ ಒಂದಿದೆಯಲ್ಲ, ಅದೇನು ಮಾಡುತ್ತಿದೆ? ಹೊಸದೊಂದು ಡಿಜಿಟಲ್ ಕಾಯ್ದೆ ಬರುತ್ತದಂತೆ, ಬಂದರೆ ನಮಗೇನು? ದಯವಿಟ್ಟು ಹೆಸರು ಹಾಕಬೇಡಿ.

ಸಂಪಾದಕರ ಉತ್ತರ:

ನೀವು ಕಳಿಸಿದ ಎರಡೂ ಫೋಟೊ ದೊಡ್ಡದು ಮಾಡಿ ನೋಡಿದೆ. ನಿಮ್ಮ ಆನೆಯ ಬೆನ್ನಿನ ಮೇಲೆ ತಾಳೆಗರಿಯಿಂದ ಉಜ್ಜಿದ ಅರಗಿನ ತಣ್ಣನೆಯ ಮೆರುಗಿದೆ. ಇನ್ನೊಂದಕ್ಕೆ ಬಳಿದಿರುವುದು ಪೇಂಟ್, ಚಕ್ರದ ಅಂಚಿನಲ್ಲಿ ಆಗಲೇ ಎದ್ದಿದೆ. ಕೊಳ್ಳುವವರಿಗೆ ಅಂಗೈಯಗಲದ ಫೋನಿನಲ್ಲಿ ಇದ್ಯಾವುದೂ ಕಾಣುವುದಿಲ್ಲ. ಯಾವುದು ಮೇಲಿದೆ, ಯಾವುದು ಅಗ್ಗ, ಅಷ್ಟೇ ಕಾಣುತ್ತದೆ.

ಊರ ಸಂತೆಯಲ್ಲಿ ಸುಂಕ ವಸೂಲಿ ಮಾಡುವವನು ತಾನೇ ಪಕ್ಕದಲ್ಲಿ ಅಂಗಡಿ ಹಾಕಿ, ನಿಮ್ಮ ಗಿರಾಕಿಗಳ ಪಟ್ಟಿ ಜೇಬಿನಲ್ಲಿಟ್ಟುಕೊಂಡರೆ ಜನ ಸುಮ್ಮನಿರುತ್ತಿರಲಿಲ್ಲ. ಆನ್‌ಲೈನ್ ಸಂತೆಯಲ್ಲಿ ಆ ಪಟ್ಟಿ ಇನ್ನೂ ಉದ್ದ: ಯಾರು ಏನು ಹುಡುಕಿದರು, ಯಾವ ಬೆಲೆ ಕಂಡು ಹಿಂದೆ ಸರಿದರು, ಎಲ್ಲವೂ ಅದರಲ್ಲಿರುತ್ತದೆ. ನಿಮ್ಮ ಆನೆಗೆ ಹೀಗೇ ಆಯಿತೆಂದು ನಾನು ಹೇಳಲಾರೆ. ಹೇಳಲು ಬೇಕಾದ ಲೆಕ್ಕವೆಲ್ಲ ತಾಣದವರ ಹತ್ತಿರವೇ ಇದೆ, ನಿಮ್ಮ ತೊಡಕಿನ ಬೇರು ಇರುವುದೂ ಅಲ್ಲೇ. ತಾಣದ ಹೆಸರನ್ನು ನಾನು ಎತ್ತುವುದಿಲ್ಲ. ಮುಂದೆ ಹೇಳುವ ಪ್ರಕರಣಗಳು ಬೇರೆಯವು, ಸಾರ್ವಜನಿಕ ದಾಖಲೆಯಲ್ಲಿ ಇರುವಂಥವು.

ನಮ್ಮ ಸ್ಪರ್ಧಾ ಕಾಯ್ದೆ 2002ರದು. ದೊಡ್ಡವರ ದಬ್ಬಾಳಿಕೆಯನ್ನು ತಡೆಯುವ ಕಲಮುಗಳು ಜಾರಿಗೆ ಬಂದದ್ದು 2009ರ ಮೇ ತಿಂಗಳಲ್ಲಿ. ಯಾವ ಮಾರುಕಟ್ಟೆ ಎಂದು ಮೊದಲು ಗೆರೆ ಎಳೆಯಬೇಕು, ಅದರೊಳಗೆ ಆ ಕಂಪನಿ ಪ್ರಬಲವೆಂದು ತೋರಿಸಬೇಕು, ಆಮೇಲಷ್ಟೇ ದುರುಪಯೋಗದ ಮಾತು. ಬೆಂಗಳೂರಿನಲ್ಲೇ ಇದು ಎಡವಿದ್ದುಂಟು. ಓಲಾ ನಷ್ಟದ ದರಕ್ಕೆ ಓಡಿಸಿ ಉಳಿದವರನ್ನು ಮುಗಿಸುತ್ತಿದೆ ಎಂದು ಫಾಸ್ಟ್ ಟ್ರ್ಯಾಕ್ ಕಾಲ್ ಟ್ಯಾಕ್ಸಿ ಕಂಪನಿ ದೂರು ಕೊಟ್ಟಿತು. 2015ರಲ್ಲಿ ತನಿಖೆ ಶುರುವಾಯಿತು. 2017ರ ಜುಲೈನಲ್ಲಿ, ಈ ಕಾಯ್ದೆಯಡಿ ದೂರು ವಿಚಾರಿಸುವ ಸ್ಪರ್ಧಾ ಆಯೋಗ, ಎದುರಿಗೆ ಊಬರ್ ಇರುವುದರಿಂದ ಓಲಾ ಒಂದನ್ನೇ ಪ್ರಬಲ ಎನ್ನಲಾಗದು ಎಂದಿತು. ಇಬ್ಬರು ಸೇರಿ ಮಾರುಕಟ್ಟೆ ತುಂಬಿಕೊಂಡರೆ ಇಬ್ಬರನ್ನೂ ಒಟ್ಟಾಗಿ ಪ್ರಬಲರೆನ್ನಲು ನಮ್ಮ ಕಾಯ್ದೆಯಲ್ಲಿ ಜಾಗವಿಲ್ಲ. ನನ್ನ ಮಟ್ಟಿಗೆ ಇದು ದೊಡ್ಡ ತೂತು.

ಆದರೆ ನನ್ನನ್ನು ಹೆಚ್ಚು ಕಾಡುವುದು ಕಾಲ. ಮೊಬೈಲ್ ಫೋನು ಒಂದೇ ತಾಣದಲ್ಲಿ ಬಿಡುಗಡೆ, ಕೆಲವೇ ಮಾರಾಟಗಾರರಿಗೆ ಮಣೆ, ಮಿತಿಮೀರಿದ ರಿಯಾಯಿತಿ: ಈ ಆರೋಪಗಳ ಮೇಲೆ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ ದೆಹಲಿಯ ವ್ಯಾಪಾರಿಗಳ ಸಂಘ ದೂರು ಕೊಟ್ಟಿತು. 2020ರ ಜನವರಿಯಲ್ಲಿ ಆಯೋಗ ತನಿಖೆಗೆ ಆದೇಶಿಸಿತು. ಮರುತಿಂಗಳೇ ಕರ್ನಾಟಕ ಹೈಕೋರ್ಟಿನಲ್ಲಿ ತಡೆಯಾಜ್ಞೆ. 2021ರ ಜೂನ್‌ನಲ್ಲಿ ಏಕಸದಸ್ಯ ಪೀಠ, ಜುಲೈನಲ್ಲಿ ವಿಭಾಗೀಯ ಪೀಠ ಕಂಪನಿಗಳ ಅರ್ಜಿ ವಜಾ ಮಾಡಿದವು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ತನಿಖೆ ನಿಲ್ಲಿಸಲು ಒಪ್ಪಲಿಲ್ಲ. ತನಿಖಾ ವರದಿ ಬಂದದ್ದು 2024ರಲ್ಲಿ. ಅದರ ಮೇಲೆ ಹಲವು ಹೈಕೋರ್ಟುಗಳಲ್ಲಿ ಅರ್ಜಿಗಳು ಬಿದ್ದವು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವನ್ನೆಲ್ಲ ಕರ್ನಾಟಕ ಹೈಕೋರ್ಟಿಗೇ ಕಳಿಸಿತು. ತಪ್ಪು ಆಗಿದೆಯೋ ಇಲ್ಲವೋ ಎಂಬುದು ಬೇರೆ ಮಾತು. ಅದನ್ನು ಕೇಳುವ ಹಂತಕ್ಕೆ ಬರಲೇ ಐದು ವರ್ಷ ಹಿಡಿಯಿತು. ಗೂಗಲ್ ಹುಡುಕಾಟದ ಮೇಲೆ 2012ರಲ್ಲಿ ಭಾರತ್ ಮ್ಯಾಟ್ರಿಮೊನಿ ಕೊಟ್ಟ ದೂರಿಗೆ 135.86 ಕೋಟಿ ರೂಪಾಯಿ ದಂಡದ ಆದೇಶ ಬಂದದ್ದು 2018ರಲ್ಲಿ. ಗೊಂಬೆ ಮಾಡುವ ಮನೆ ಅಷ್ಟು ದಿನ ಹೇಗೆ ತಡೆದೀತು?

ಯುರೋಪು ಕ್ರಮವನ್ನೇ ತಿರುಗಿಸಿತು. ತಪ್ಪು ನಡೆದ ಮೇಲೆ ಹುಡುಕುವ ಬದಲು ಆರು ದೊಡ್ಡ ಕಂಪನಿಗಳನ್ನು 2023ರ ಸೆಪ್ಟೆಂಬರ್‌ನಲ್ಲಿ ಹೆಸರಿಸಿ, ಇಂತಿಂಥದ್ದು ಮಾಡಕೂಡದು ಎಂದು ಮೊದಲೇ ಹೇಳಿತು. ನಿಯಮ ಪಾಲನೆ 2024ರ ಮಾರ್ಚ್‌ನಿಂದ ಕಡ್ಡಾಯವಾಯಿತು. 2025ರ ಏಪ್ರಿಲ್‌ಗೆ ಆ್ಯಪಲ್‌ಗೆ 50 ಕೋಟಿ ಯೂರೊ, ಮೆಟಾಗೆ 20 ಕೋಟಿ ಯೂರೊ ದಂಡ ಬಿತ್ತು. ಹದಿಮೂರು ತಿಂಗಳ ಕೆಲಸ.

ನೀವು ಕೇಳಿದ ಡಿಜಿಟಲ್ ಸ್ಪರ್ಧಾ ಮಸೂದೆಯದೂ ಇದೇ ದಾರಿ. 2024ರ ಮಾರ್ಚ್‌ನಲ್ಲಿ ಸರ್ಕಾರದ ಸಮಿತಿಯೊಂದು ಕರಡು ಹೊರತಂದಿತು, ಅದು ಇನ್ನೂ ಕಾಯ್ದೆಯಾಗಿಲ್ಲ. ತಾಣವು ತನ್ನ ಸರಕನ್ನೇ ಮೇಲೆ ತೋರಿಸುವುದಕ್ಕೆ ಅದರಲ್ಲಿ ತಡೆ ಇದೆ. ಮಾರಾಟಗಾರರ ವ್ಯಾಪಾರದ, ಹೊರಗಿನವರಿಗೆ ತಿಳಿಯದ ಲೆಕ್ಕವನ್ನು ತಾಣವು ಅವರಿಗೇ ಪೈಪೋಟಿ ಕೊಡಲು ಬಳಸುವಂತಿಲ್ಲ ಎಂಬ ಕಲಮೂ ಇದೆ. ಆ ಸಾಲು ಓದುವಾಗ ನನಗೆ ನಿಮ್ಮ ಆನೆಯೇ ನೆನಪಾಯಿತು. ದಂಡ ಜಾಗತಿಕ ವಹಿವಾಟಿನ ಶೇ 10ರವರೆಗೆ.

ಬೆಂಗಳೂರಿನ ಹೊಸ ಕಂಪನಿಗಳು ಇದರಲ್ಲಿ ಸಿಕ್ಕಿಬೀಳುತ್ತವೆ ಎಂಬ ಅಳುಕು ನನಗೂ ಇದೆ. ದೇಶದೊಳಗಿನ ವಹಿವಾಟು 4,000 ಕೋಟಿ ರೂಪಾಯಿ, ಜೊತೆಗೆ ಒಂದು ಕೋಟಿ ಬಳಕೆದಾರರು ಅಥವಾ 10,000 ವ್ಯಾಪಾರಿ ಬಳಕೆದಾರರು ಇದ್ದರೆ ಕರಡಿನ ವ್ಯಾಪ್ತಿಗೆ ಬರುವ ಸಾಧ್ಯತೆ ಇದೆ. ಈ ಗೆರೆಯನ್ನು ಇನ್ನಷ್ಟು ಮೇಲಕ್ಕೆ ಏರಿಸಬಹುದು, ನಾನು ಒಪ್ಪುತ್ತೇನೆ. ಅಷ್ಟಕ್ಕೇ ಇಡೀ ಮಸೂದೆಯನ್ನು ಮೂಲೆಗೆ ತಳ್ಳುವುದನ್ನು ಒಪ್ಪಲಾರೆ. ದೂರು ಇತ್ಯರ್ಥಕ್ಕೆ ಗಡುವು ಬೇಕು. ತಾಣಗಳ ಲೆಕ್ಕವನ್ನು ಬಿಡಿಸಿ ಓದಬಲ್ಲ ಎಂಜಿನಿಯರುಗಳು ಆಯೋಗದಲ್ಲಿರಬೇಕು. ಇವಿಲ್ಲದಿದ್ದರೆ ಹೊಸ ಕಾಯ್ದೆಯೂ ಅದೇ ಕಟಕಟೆ ಸುತ್ತುತ್ತದೆ.

ಈಗ ನಿಮ್ಮ ಕೈಲಾಗುವುದು. 2023ರ ತಿದ್ದುಪಡಿಯ ಪ್ರಕಾರ ಘಟನೆ ನಡೆದ ಮೂರು ವರ್ಷದೊಳಗೆ ಆಯೋಗಕ್ಕೆ ದೂರು ಹೋಗಬೇಕು, ನಿಮ್ಮ ದಿನ ದೀಪಾವಳಿಯಿಂದಲೇ ಎಣಿಕೆಯಾಗುತ್ತಿದೆ. ಎರಡೂ ಆನೆಗಳ ಪುಟವನ್ನು ತಾರೀಖು ಕಾಣುವಂತೆ ವಾರಕ್ಕೊಮ್ಮೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆರ್ಡರ್ ಪಟ್ಟಿಯನ್ನು ತಿಂಗಳವಾರು ಇಳಿಸಿಕೊಳ್ಳಿ. ಒಬ್ಬರೇ ಹೋಗಬೇಡಿ, ಹೀಗೇ ಆದ ಮನೆಗಳು ನಿಮ್ಮಲ್ಲಿ ಇನ್ನೂ ಇದ್ದಾವು, ದೆಹಲಿಯವರಂತೆ ಸಂಘದ ಹೆಸರಲ್ಲಿ ಹೋಗಿ. ಹೆಸರು ಗುಟ್ಟಾಗಿಡಿ ಎಂದು ಆಯೋಗವನ್ನೂ ಕೋರಬಹುದು. ದೂರಿನ ಕರಡು ಸಿದ್ಧವಾದರೆ ನಮಗೂ ಒಂದು ಪ್ರತಿ ಕಳಿಸಿ, ನಮ್ಮ ಪರಿಚಯದ ವಕೀಲರೊಬ್ಬರಿಗೆ ತೋರಿಸಿ ವಾಪಸ್ ಕಳಿಸುತ್ತೇನೆ.