ಪಂಚಾಯಿತಿ ಬೇಡವೆಂದರೆ ನಿಲ್ಲುತ್ತದೆಯೇ? ಕೋಲಾರದ ಗಡಿಯಿಂದ ಒಂದು ಉತ್ತರ

ನಮ್ಮ ಊರಿನ ಪಕ್ಕದಲ್ಲಿ ಯಾರಾದರೂ ಡೇಟಾ ಸೆಂಟರ್, ಅಂದರೆ ಸಾವಿರಾರು ಕಂಪ್ಯೂಟರುಗಳನ್ನು ಹಗಲು ರಾತ್ರಿ ನಡೆಸುವ ಕಟ್ಟಡ, ಕಟ್ಟಲು ಬಂದರೆ ಬೇಡವೆನ್ನುವ ಅಧಿಕಾರ ನಮ್ಮ ಗ್ರಾಮ ಪಂಚಾಯಿತಿಗೆ ಇದೆಯೇ ಎಂದು ಕೇಳಿದ್ದೀರಿ. ನೀವು ಶಿವಮೊಗ್ಗದಿಂದ ಹೋಗಿ ಅಮೆರಿಕದ ವರ್ಜೀನಿಯಾ ರಾಜ್ಯದ ಲೌಡನ್ ಕೌಂಟಿಯಲ್ಲಿ (ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥದ್ದು) ನೆಲೆಸಿದವರು. ನಿಗದಿತ ವಲಯಗಳಲ್ಲಿ ಪ್ರತ್ಯೇಕ ಒಪ್ಪಿಗೆಯಿಲ್ಲದೆ ಡೇಟಾ ಸೆಂಟರ್ ಕಟ್ಟಬಹುದೆಂಬ ನಿಯಮವನ್ನು ಅಲ್ಲಿನ ಮೇಲ್ವಿಚಾರಕರ ಮಂಡಳಿ 2025ರ ಮಾರ್ಚ್‌ನಲ್ಲಿ ತೆಗೆದುಹಾಕಿ, ಇನ್ನು ಮುಂದಿನ ಪ್ರಸ್ತಾವಗಳು ಸಾರ್ವಜನಿಕ ವಿಚಾರಣೆಯನ್ನು ದಾಟಿ ತನ್ನ ಮುಂದೆ ಬರಬೇಕೆಂದು ತೀರ್ಮಾನಿಸಿದ್ದನ್ನು ಹತ್ತಿರದಿಂದ ನೋಡಿದ್ದೀರಿ. ನಿಮ್ಮ ಪ್ರಶ್ನೆಗೆ ಇದೆ ಎಂದರೂ ತಪ್ಪಾಗುತ್ತದೆ, ಇಲ್ಲ ಎಂದರೂ ತಪ್ಪಾಗುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಮ್ಮದು ಕೋಲಾರ ಜಿಲ್ಲೆಯ ಕೆಜಿಎಫ್ ಕಡೆಯ ಹಳ್ಳಿ. ಊರ ಹಿಂದಿನ ಗುಡ್ಡ ಹತ್ತಿದರೆ ಆಂಧ್ರದ ಹೊಲಗಳು ಕಾಣುತ್ತವೆ, ದಕ್ಷಿಣಕ್ಕೆ ಹೋದರೆ ತಮಿಳುನಾಡು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಮತ್ತು ಕಚೇರಿಯಲ್ಲಿ ಕನ್ನಡ, ಕೆಜಿಎಫ್‌ನ ಪೇಟೆಯಲ್ಲಿ ತಮಿಳು, ಹೀಗೆ ದಿನ ಕಳೆಯುವವರು ನಾವು. ಗ್ರಾಮ ಸಭೆಯಲ್ಲಿ ಜನ ತೆಲುಗಿನಲ್ಲಿ ಹೇಳಿಕೊಂಡ ಕಷ್ಟಗಳನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕನ್ನಡದಲ್ಲಿ ನಡಾವಳಿ ಪುಸ್ತಕಕ್ಕೆ ಇಳಿಸುತ್ತಾರೆ. ನಾನು ಒಂದು ಅವಧಿಗೆ ಸದಸ್ಯನಾಗಿದ್ದೆ. ಆ ಪುಸ್ತಕದಲ್ಲಿ ಅತಿ ಹೆಚ್ಚು ಸಲ ಬರುವ ಪದ ಯಾವುದೆಂದು ಕೇಳಿದರೆ, ನೀರು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ.

ಮೊದಲು ಕಾನೂನಿನ ಮಾತು. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದ ಪ್ರಕಾರ ಪಂಚಾಯಿತಿಯ ಅನುಮತಿಯಿಲ್ಲದೆ ಕಟ್ಟಡ ಕಟ್ಟುವಂತಿಲ್ಲ. 66ನೇ ಪ್ರಕರಣದ ಪ್ರಕಾರ ವಿದ್ಯುತ್ತಿನಿಂದ ನಡೆಯುವ ಕಾರ್ಖಾನೆಯನ್ನಾಗಲಿ ಯಂತ್ರವನ್ನಾಗಲಿ ಸ್ಥಾಪಿಸುವುದಕ್ಕೂ ಅನುಮತಿ ಬೇಕು. ಇಷ್ಟನ್ನು ಓದಿದವರಿಗೆ ನಮ್ಮ ಪಂಚಾಯಿತಿ ನಿಮ್ಮ ಕೌಂಟಿಯಷ್ಟೇ ಗಟ್ಟಿಯೆನಿಸಬಹುದು. ಆದರೆ ಒಂದು ಜಾಗವನ್ನು 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಅಧಿನಿಯಮದಡಿ ಕೈಗಾರಿಕಾ ಪ್ರದೇಶವೆಂದು ಸರ್ಕಾರ ಅಧಿಸೂಚಿಸಿದರೆ, ಜಮೀನು ಸ್ವಾಧೀನವೂ ನಿವೇಶನ ಹಂಚಿಕೆಯೂ ಕಟ್ಟಡದ ನಕ್ಷೆಯ ಒಪ್ಪಿಗೆಯೂ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಕೈಗೆ ಹೋಗುತ್ತವೆ. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯಲ್ಲಿರುವ ಸಾಮಾಜಿಕ ಪರಿಣಾಮದ ಅಧ್ಯಯನ ಈ ದಾರಿಯಲ್ಲಿ ಕಡ್ಡಾಯವಲ್ಲ. ಐನೂರು ಕೋಟಿ ರೂಪಾಯಿಗೆ ಮೇಲ್ಪಟ್ಟ ಹೂಡಿಕೆಯಾದರೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಉನ್ನತ ಮಟ್ಟದ ಸಮಿತಿ ಅದನ್ನು ತೀರ್ಮಾನಿಸುತ್ತದೆ, ಮತ್ತು ಆ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪರವಾಗಿ ಕೂರುವವರು ಯಾರೂ ಇಲ್ಲ. ನಮಗೆ ವಿಷಯ ಗೊತ್ತಾಗುವುದು ಸರ್ವೆಯವರು ಕಲ್ಲು ನೆಡಲು ಬಂದಾಗ.

ಡೇಟಾ ಸೆಂಟರಿನ ವಿಷಯದಲ್ಲಿ ಇನ್ನೊಂದು ತೊಡಕಿದೆ, ಅದು ಹೊರಗಿನವರಿಗಿರಲಿ, ನಮ್ಮ ಜಿಲ್ಲೆಯಲ್ಲೇ ಹಲವರಿಗೆ ತಿಳಿದಿಲ್ಲ. ದೊಡ್ಡ ಗಣಿಗೋ ಉಷ್ಣ ವಿದ್ಯುತ್ ಸ್ಥಾವರಕ್ಕೋ ಪರಿಸರ ಅನುಮತಿ ಕೊಡುವ ಮೊದಲು ಸಾರ್ವಜನಿಕರ ಅಹವಾಲು ಸಭೆ ನಡೆಯಬೇಕು. 2006ರ ಪರಿಸರ ಅಧಿಸೂಚನೆಯಲ್ಲಿ ಡೇಟಾ ಸೆಂಟರಿಗೆ ಪ್ರತ್ಯೇಕ ಹೆಸರಿಲ್ಲದ ಕಾರಣ ಅದನ್ನು ಕಟ್ಟಡ ನಿರ್ಮಾಣದ ಗುಂಪಿಗೆ ಸೇರಿಸಿ ನೋಡುತ್ತಾರೆ, ಮತ್ತು ಕಟ್ಟಡ ನಿರ್ಮಾಣಕ್ಕೆ ಅಹವಾಲು ಸಭೆಯಿಂದ ವಿನಾಯಿತಿ ಇದೆ. ಹಗಲು ರಾತ್ರಿ ಕರೆಂಟು ಎಳೆಯುವ, ಬಿಸಿಯನ್ನು ಹೊರಹಾಕಲು ನೀರು ಕೇಳುವ ಸ್ಥಾವರವೊಂದನ್ನು ವಸತಿ ಸಮುಚ್ಚಯದ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲವೆಂದು ನನ್ನ ಸ್ಪಷ್ಟ ಅಭಿಪ್ರಾಯ.

ನೀರಿನ ಮಾತಿಗೆ ಬರುತ್ತೇನೆ. ನಮ್ಮ ಊರಿನ ನೀರುಗಂಟಿ ಬೆಳಗಿನ ಜಾವ ನಾಲ್ಕೂವರೆಗೆ ಟಾರ್ಚು ಹಿಡಿದು ಹೊರಡುತ್ತಾರೆ. ಟ್ಯಾಂಕಿನ ಕೆಳಗಿನ ವಾಲ್ವ್ ತಿರುಗಿಸಿ, ಮೇಲಿನ ಬೀದಿಗೆ ಇಪ್ಪತ್ತು ನಿಮಿಷ, ಕೆಳಗಿನ ಬೀದಿಗೆ ಹದಿನೈದು ನಿಮಿಷ, ಕಾಲನಿಗೆ ಇಪ್ಪತ್ತೈದು ನಿಮಿಷ ಎಂದು ಗಡಿಯಾರ ನೋಡಿ ಬಿಡುತ್ತಾರೆ. ಅದನ್ನೆಲ್ಲ ಶರ್ಟಿನ ಜೇಬಿನ ಸಣ್ಣ ಪುಸ್ತಕದಲ್ಲಿ ಬರೆದಿಡುತ್ತಾರೆ, ಏಕೆಂದರೆ ಐದು ನಿಮಿಷ ಹೆಚ್ಚುಕಡಿಮೆಯಾದರೂ ಮರುದಿನ ಪಂಚಾಯಿತಿ ಬಾಗಿಲಲ್ಲಿ ಖಾಲಿ ಕೊಡಗಳು ಬಂದು ನಿಲ್ಲುತ್ತವೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಕೊಳವೆಬಾವಿಗಳು ಸಾವಿರದೈನೂರು ಅಡಿಯವರೆಗೂ ಹೋಗಿವೆ, ಅಷ್ಟು ಆಳದಿಂದ ಬರುವ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಇದೆ. ನೀರಿನಿಂದ ತಂಪು ಮಾಡುವ ಡೇಟಾ ಸೆಂಟರಿಗೆ ಒಂದು ಮೆಗಾವ್ಯಾಟಿಗೆ ವರ್ಷಕ್ಕೆ ಸುಮಾರು 2.5 ಕೋಟಿ ಲೀಟರ್ ಬೇಕೆಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಅಂದರೆ ದಿನಕ್ಕೆ ಹತ್ತಿರಹತ್ತಿರ 70,000 ಲೀಟರ್. ಕೇಂದ್ರದ ಕುಡಿಯುವ ನೀರಿನ ಯೋಜನೆಯಾದ ಜಲ ಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಎಂದು ನಿಗದಿ ಮಾಡಿರುವುದರಿಂದ, ಒಂದು ಮೆಗಾವ್ಯಾಟಿನ ನೀರು ಸುಮಾರು 1,270 ಜನರ ಒಂದು ದಿನದ ನೀರಾಗುತ್ತದೆ. ಅದು ನಮ್ಮಂಥ ಒಂದು ಹಳ್ಳಿ. ನೀರನ್ನು ಕಡಿಮೆ ಬಳಸುವ ವಿಧಾನಗಳೂ ಇವೆ, ನಿಜ. ಆದರೆ ಅವುಗಳಿಗೆ ಸಾಮಾನ್ಯವಾಗಿ ಕರೆಂಟು ಹೆಚ್ಚು ಬೇಕಾಗುತ್ತದೆ.

ಹಾಗಾದರೆ ಶುದ್ಧೀಕರಿಸಿದ ಕೊಳಚೆ ನೀರು ಕೊಡಬಹುದಲ್ಲ ಎಂದು ಬೆಂಗಳೂರಿನ ಸ್ನೇಹಿತರು ಹೇಳುತ್ತಾರೆ. ಆ ನೀರಿನ ಕಥೆ ನಮ್ಮ ಜಿಲ್ಲೆಯದೇ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ದಿನಕ್ಕೆ 44 ಕೋಟಿ ಲೀಟರ್‌ನಂತೆ ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯಲ್ಲಿ, 2018ರಲ್ಲಿ ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ನೊರೆ ಕಂಡು ಜನ ಬೆದರಿದರು, ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಕೂಗು ಇಂದಿಗೂ ನಿಂತಿಲ್ಲ. ಆದರೂ ಬತ್ತಿದ ಕೊಳವೆಬಾವಿಗಳಲ್ಲಿ ನೀರು ಕಂಡ ರೈತರು ಆ ಕೆರೆಗಳನ್ನು ಈಗ ತಮ್ಮವೆಂದು ನೋಡುತ್ತಾರೆ. ಅಂತರ್ಜಲ ತುಂಬಲೆಂದು ತಂದ ಆ ನೀರಿಗೆ ರೈತರು ನೇರವಾಗಿ ಪಂಪು ಇಡುವಂತಿಲ್ಲ. ರೈತನಿಗೆ ನಿಷೇಧಿಸಿದ್ದನ್ನು ಕಂಪನಿಗೆ ಕೊಡುವುದಾದರೆ ಯಾರನ್ನು ಕೇಳಿ ಕೊಡಬೇಕು? ನಲವತ್ತು ಹೆಕ್ಟೇರಿಗಿಂತ ದೊಡ್ಡ ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ ಸೇರಿದ್ದು. ಕೆರೆಯ ಹೂಳನ್ನೂ ಜಾಲಿಯನ್ನೂ ತೆಗೆಸುವಾಗ ಪಂಚಾಯಿತಿಯನ್ನು ಕರೆಯುತ್ತಾರೆ. ನೀರನ್ನು ಹಂಚುವ ಮಾತು ಬಂದಾಗ ಆ ಕರೆ ಬರುವುದಿಲ್ಲ.

ಕರೆಂಟಿನ ವಿಷಯದಲ್ಲಿ ಈ ನೆಲಕ್ಕೆ ಹಳೆಯ ನೆನಪಿದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್ ಚಿನ್ನದ ಗಣಿಗಳಿಗೆ ವಿದ್ಯುತ್ ತಂದರು. ಬೆಂಗಳೂರಿಗೇ ದೀಪ ಬಂದದ್ದು 1905ರಲ್ಲಿ. ಗಣಿಯವರಿಗೆ ನೀರು ಕೊಟ್ಟದ್ದು ನಮ್ಮ ಬೇತಮಂಗಲದ ಕೆರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಚಿನ್ನ ತೆಗೆದ ಮೇಲೆ ಸುರಿದ ತ್ಯಾಜ್ಯದ ಸೈನೈಡ್ ಗುಡ್ಡಗಳು ಉಳಿದವು. ಗಾಳಿ ಬೀಸಿದರೆ ಅವುಗಳ ಧೂಳು ಈಗಲೂ ಮನೆಗಳೊಳಗೆ ಬರುತ್ತದೆ. ಅಂದಿನಿಂದ ಸಾವಿರಾರು ಜನ ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದಾರೆ. ನಮ್ಮ ಹುಡುಗರು ಉದ್ಯಮವೇ ಬೇಡವೆನ್ನುವವರಲ್ಲ. ಆದರೆ ಕಟ್ಟಿ ಮುಗಿದ ಮೇಲೆ ಡೇಟಾ ಸೆಂಟರಿನಲ್ಲಿ ಉಳಿಯುವ ಕೆಲಸಗಳು ಕೆಲವೇ ಎಂದು ಅವರಿಗೂ ತಿಳಿದಿದೆ.

ನಿಮ್ಮ ಕೌಂಟಿ ಕಟ್ಟಡದೊಳಗಿನ ಕಂಪ್ಯೂಟರುಗಳ ಮೇಲೂ ತೆರಿಗೆ ಹಾಕುತ್ತದೆ, ಅದರ ಆದಾಯದ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ನಮ್ಮ ಪಂಚಾಯಿತಿ ತೆರಿಗೆ ಹಾಕುವುದು ಕಟ್ಟಡ ಮತ್ತು ಜಾಗದ ಮೇಲೆ; ಒಳಗಿನ ಯಂತ್ರ ನೂರು ಕೋಟಿಯದಾದರೂ ತೆರಿಗೆ ಬರೆದಿಡುವ ನಮ್ಮ ಡಿಮ್ಯಾಂಡ್ ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ. ಈ ವ್ಯತ್ಯಾಸವನ್ನು ನಿಮ್ಮ ಅಲ್ಲಿನ ಗೆಳೆಯರಿಗೂ ಹೇಳಿ.

ಇನ್ನು ಗಡಿ. ಪಾಲಾರ್ ನದಿ ನಮ್ಮ ಬೇತಮಂಗಲ ದಾಟಿ ಆಂಧ್ರಕ್ಕೆ, ಅಲ್ಲಿಂದ ತಮಿಳುನಾಡಿಗೆ ಹೋಗುತ್ತದೆ. ಮೈಸೂರು ಮತ್ತು ಮದರಾಸು ಸರ್ಕಾರಗಳ 1892ರ ಒಪ್ಪಂದದ ಪ್ರಕಾರ ಮೇಲಿನವರು ಕೆಳಗಿನವರ ಒಪ್ಪಿಗೆಯಿಲ್ಲದೆ ಹೊಸ ನೀರಾವರಿ ಕಾಮಗಾರಿ ಮಾಡುವಂತಿರಲಿಲ್ಲ. ಕೆರೆಯ ನೀರಿಗೆ ಅಷ್ಟು ಹಳೆಯ ಕಟ್ಟುಪಾಡಿರುವ ಈ ಸೀಮೆಯಲ್ಲಿ ನೆಲದಡಿಯ ನೀರಿಗೆ ಮೂರು ರಾಜ್ಯ ಸೇರಿ ಒಪ್ಪಿದ ನಿಯಮ ಯಾವುದೂ ಇಲ್ಲ. ತಮಿಳುನಾಡಿಗೆ 2021ರ ಡೇಟಾ ಸೆಂಟರ್ ನೀತಿಯಿದೆ, ಕರ್ನಾಟಕಕ್ಕೆ 2022–27ರ ನೀತಿಯಿದೆ. ಆಂಧ್ರದ ವಿಶಾಖಪಟ್ಟಣಕ್ಕೆ ಗೂಗಲ್‌ನ ಡೇಟಾ ಸೆಂಟರ್ ಬರುವುದು 2025ರ ಅಕ್ಟೋಬರಿನಲ್ಲಿ ಘೋಷಣೆಯಾದ ಮೇಲೆ, ಆಂಧ್ರ ಕೊಡುವ ರಿಯಾಯಿತಿಗಳ ಬಗ್ಗೆ ಆಂಧ್ರ ಮತ್ತು ಕರ್ನಾಟಕದ ಸಚಿವರು ಬಹಿರಂಗವಾಗಿ ವಾದಿಸಿಕೊಂಡರು. ನಾವು ಇಲ್ಲಿ ಬೇಡವೆಂದರೆ ಅದು ಗುಡ್ಡದ ಆಚೆಗೆ ಹೋಗಬಹುದು, ಮತ್ತು ಅಲ್ಲಿ ಕೊರೆದ ಬಾವಿ ನಮ್ಮ ಬಾವಿಯ ನೀರನ್ನೇ ಎಳೆಯಬಹುದು. ಒಂದೊಂದು ಪಂಚಾಯಿತಿ ಒಂಟಿಯಾಗಿ ನಿಂತು ಇದನ್ನು ತಡೆಯಲಾರದು. ಗಡಿಯ ಎರಡೂ ಕಡೆಯ ಪಂಚಾಯಿತಿಗಳು ಕೂತು ಮಾತಾಡುವ ವೇದಿಕೆಯೊಂದು ಬೇಕು.

ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗೆಂದು ಹೊರಟಿದ್ದ 1,777 ಎಕರೆ ಸ್ವಾಧೀನವನ್ನು ಸರ್ಕಾರ ಕೈಬಿಟ್ಟದ್ದು 2025ರ ಜುಲೈನಲ್ಲಿ, ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತ ಮೇಲೆ. ಅದನ್ನು ನಿಲ್ಲಿಸಿದ್ದು ಕೂತ ಜನ. ಹೊಲ ಬಿಟ್ಟು ಮೂರು ವರ್ಷ ಧರಣಿ ಕೂರಬೇಕಾದ ಸ್ಥಿತಿ ಯಾವ ಊರಿಗೂ ಬರಬಾರದು; ಅಧಿಸೂಚನೆಗೆ ಮೊದಲೇ ಗ್ರಾಮ ಸಭೆಯನ್ನು ಕೇಳುವ ಬದ್ಧತೆ ಕಾನೂನಿನಲ್ಲೇ ಇರಬೇಕು.

ನಮ್ಮ ಊರಿಗೆ ಇಂಥ ಪ್ರಸ್ತಾವ ಇನ್ನೂ ಬಂದಿಲ್ಲ. ಬರುವ ಮೊದಲೇ ಒಂದು ನಿರ್ಣಯ ಬರೆದಿಡೋಣವೆಂದು ಹೋದ ಗ್ರಾಮ ಸಭೆಯಲ್ಲಿ ನಾವು ಕೆಲವರು ಕೇಳಿಕೊಂಡೆವು. ದಿನಕ್ಕೆ ಎಷ್ಟು ನೀರು, ಎಲ್ಲಿಂದ, ಎಷ್ಟು ಕರೆಂಟು, ಬೇಸಿಗೆಯಲ್ಲಿ ನೀರು ಸಾಲದಾದಾಗ ಮೊದಲು ಯಾರ ವಾಲ್ವ್ ಮುಚ್ಚುವುದು ಎಂಬುದನ್ನು ಲಿಖಿತವಾಗಿ ತಿಳಿಸದೆ ಈ ಪಂಚಾಯಿತಿ ಸರಹದ್ದಿನ ಯಾವ ಜಮೀನನ್ನೂ ಅಂಥ ಸ್ಥಾವರಕ್ಕೆ ಕೊಡಬಾರದೆಂದು ಅದರಲ್ಲಿದೆ. ಕೊನೆಯ ಅಂಶವನ್ನು ಸೇರಿಸಿದವರು ನಮ್ಮ ನೀರುಗಂಟಿ. ನೀರುಗಂಟಿ ತೆಲುಗಿನಲ್ಲಿ ಹೇಳಿದ್ದನ್ನು ಪಿಡಿಒ ಕನ್ನಡದಲ್ಲಿ ಬರೆದು, ಗಟ್ಟಿಯಾಗಿ ಓದಿ, ಸರಿಯಿದೆಯೇ ಎಂದು ಕೇಳಿ, ಆಮೇಲೆ ಅವರ ಸಹಿ ಹಾಕಿಸಿಕೊಂಡರು.