ಗ್ರಹಣ ಹಿಡಿದಾಗ ಹೆಚ್ಚಿದ ಬದನೆಕಾಯಿ

ಹೆಸರು, ಊರು, ಕೆಲಸ ಎಲ್ಲ ಬದಲಿಸಿದ್ದೇನೆ. ಗ್ರಹಣವನ್ನು ಮಾತ್ರ ಬದಲಿಸಿಲ್ಲ, ಅದಿಲ್ಲದೆ ಈ ಪ್ರಕರಣವೇ ಇಲ್ಲ. ತಾಯಿ-ಮಗಳು ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ಸಲಹೆ ಕೇಳಿ ನನ್ನಲ್ಲಿಗೆ ಬಂದವರು ಹಾವೇರಿ ಕಡೆಯವರು. 24 ವರ್ಷದ ಹುಡುಗಿ, ಹುಬ್ಬಳ್ಳಿಯಲ್ಲಿ ಕೆಲಸ. ಜೊತೆಗೆ ತಾಯಿ ಮತ್ತು ಸೋದರಮಾವ. "ಹುಡುಗಿ ಮದುವಿ ಒಲ್ಲೆ ಅಂತಾಳ, ಸ್ವಲ್ಪ ಬುದ್ಧಿ ಹೇಳ್ರಿ ಅಕ್ಕಾರ" ಅಂತ ಮಾವ ಶುರು ಮಾಡಿದರು. ಏಪ್ರಿಲ್ ಬಿಸಿಲು, ನನ್ನ ಕೋಣೆಯ ಫ್ಯಾನು ಹೆಸರಿಗಷ್ಟೇ ತಿರುಗುತ್ತದೆ, ಆದರೂ ಹುಡುಗಿ ಕುತ್ತಿಗೆಗೆ ದುಪಟ್ಟಾ ಎರಡು ಸುತ್ತು ಸುತ್ತಿಕೊಂಡೇ ಕೂತಿದ್ದಳು. ಅವರಿಬ್ಬರನ್ನು ಹೊರಗೆ ಕಳಿಸಿ, ಸೆಕೆ ಆಗಲ್ವೇನಮ್ಮಾ ಅಂದೆ. ಅಷ್ಟಕ್ಕೇ ಅತ್ತಳು.

ದುಪಟ್ಟಾ ತೆಗೆದು ತೋರಿಸಿದಳು. ಕತ್ತಿನ ಬಲಗಡೆ, ಕೆಳಗೆ, ಎದೆಗೂಡಿನ ಹತ್ತಿರಕ್ಕೆ ಒಂದು ಸಣ್ಣ ತೂತು. ಗುಂಡುಸೂಜಿ ತಲೆಯಷ್ಟು. ಹುಟ್ಟಿದಾಗಿನಿಂದ ಇದೆ, ಆಗಾಗ ಲೋಳೆ ಜಿನುಗುತ್ತದೆ, ನೆಗಡಿ ಆದಾಗ ಜಾಸ್ತಿ. ಹೈಸ್ಕೂಲಿನಲ್ಲಿದ್ದಾಗ ಅದು ಊದಿ ಕೀವಾಗಿತ್ತು. ಊರಿನ ಹತ್ತಿರದ ಒಬ್ಬರು ಕುರು ಅಂದುಕೊಂಡು ಕೊಯ್ದು ಬಿಟ್ಟರು, ಅದರ ಕಲೆ ಈಗಲೂ ಇದೆ. ಆಮೇಲೆ ಬೀಗರ ಪೈಕಿ ಯಾರೋ 'ಗಂಡಮಾಲೆ' ಅಂದರು. ಗಂಡಮಾಲೆ ಅಂದರೆ ಟಿ.ಬಿ., ಟಿ.ಬಿ. ಅಂದರೆ ಮದುವೆ ಇಲ್ಲ. ಹಾಗಾಗಿ ದುಪಟ್ಟಾ. ಕಫ ಪರೀಕ್ಷೆ, ಎಕ್ಸ್‌ರೇ ಎರಡರಲ್ಲೂ ಏನೂ ಸಿಕ್ಕಿರಲಿಲ್ಲ, ಆದರೆ ಅದನ್ನು ಕೇಳುವವರು ಯಾರು?

ನಾನು ಡಾಕ್ಟರ್ ಅಲ್ಲ. ಮದುವೆ ಮಾತು ಆಮೇಲೆ, ಮೊದಲು ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ ಬನ್ನಿ ಅಂತ ಚೀಟಿ ಬರೆದೆ. ಅವತ್ತು ನಾನು ಕೊಟ್ಟ ಸಲಹೆ ಇದೊಂದೇ.

ಡಾಕ್ಟರ್ ತೂತಿನ ಮೇಲ್ಭಾಗದಲ್ಲಿ ಬೆರಳಿಂದ ಒತ್ತುತ್ತಾ ಬಂದರಂತೆ, ಲೋಳೆ ಹೊರಬಂತು. ಟಾನ್ಸಿಲ್ ಜಾಗ ನೋಡಿದರು. ಅಲ್ಟ್ರಾಸೌಂಡ್, ಆಮೇಲೆ ತೂತಿಗೆ ಬಣ್ಣದ ಔಷಧ ಬಿಟ್ಟು ಸಿ.ಟಿ. ಸ್ಕ್ಯಾನ್. ಹೊರಗಿನ ತೂತಿನಿಂದ ಒಂದು ಸಣ್ಣ ನಳಿಕೆ ಟಾನ್ಸಿಲ್ ತನಕ ಹೋಗಿತ್ತು. ಬ್ರಾಂಕಿಯಲ್ ಫಿಸ್ಟುಲಾ. ಎರಡೂ ತುದಿ ತೆರೆದಿದ್ದರೆ ಈ ಹೆಸರು, ಒಂದೇ ತುದಿ ತೆರೆದಿದ್ದರೆ ಸೈನಸ್, ಎರಡೂ ಮುಚ್ಚಿ ಒಳಗೆ ನೀರುಗುಳ್ಳೆಯಾಗಿ ಉಳಿದರೆ ಸಿಸ್ಟ್. ಸಿಸ್ಟ್ ಆದರೆ ದೊಡ್ಡವರಾದ ಮೇಲೆ ಕಾಣುವುದೇ ಜಾಸ್ತಿ. ಜೊತೆಗೆ ಕಿವಿ ಕೇಳುವ ಪರೀಕ್ಷೆ, ಮೂತ್ರಪಿಂಡದ ಸ್ಕ್ಯಾನಿಂಗೂ ಮಾಡಿಸಿದ್ದರು. ಕೆಲವು ಮನೆತನಗಳಲ್ಲಿ ಕತ್ತಿನ ತೂತು, ಕಿವಿಯ ತೊಂದರೆ, ಮೂತ್ರಪಿಂಡದ ತೊಂದರೆ ಮೂರೂ ಒಟ್ಟಿಗೆ ಬರುವುದುಂಟು. ಇವಳಿಗೆ ಎಲ್ಲ ಸರಿಯಿತ್ತು.

ಎರಡನೇ ಸಲ ತಾಯಿ ಒಬ್ಬರೇ ಬಂದರು. ಬಾಗಿಲು ಹಾಕಿ ಅಂದರು. "ಇದು ನನ್ನ ಕೈಯಿಂದನ ಆಗೈತ್ರಿ. ಗ್ರಹಣ ಹಿಡದಾಗ ಈಳಿಗಿ ಮ್ಯಾಲೆ ಕುಂತು ಬದನಿಕಾಯಿ ಹೆಚ್ಚಿದ್ನಿ." 1999ರ ಆಗಸ್ಟ್ 11, ಸಂಜೆಯ ಸೂರ್ಯಗ್ರಹಣ. ಇವರಿಗೆ ಏಳು ತಿಂಗಳು, ಕುಬಸ ಮಾಡಿಕೊಂಡು ತವರಿಗೆ ಬಂದಿದ್ದರು. ಅಕ್ಕಪಕ್ಕದವರೆಲ್ಲ ಒಳಗೆ ಕೂತಿದ್ದರೆ ಇವರು ರಾತ್ರಿ ಅಡುಗೆಗೆ ಕೂತಿದ್ದರು. ಮಗು ಹುಟ್ಟಿದ ದಿನ ಅತ್ತೆ ಕತ್ತಿನ ತೂತು ನೋಡಿ ಈಳಿಗೆಯ ಮಾತೆತ್ತಿದವರು ಸಾಯುವ ತನಕ ಬಿಡಲಿಲ್ಲ. ಗಂಡ ಏನೂ ಅನ್ನಲಿಲ್ಲ, ಅದು ಇನ್ನೂ ಜಾಸ್ತಿ ಚುಚ್ಚಿತು. ಇಷ್ಟು ವರ್ಷ ಈಕೆ ಯಾರಿಗೂ ಬಾಯಿಬಿಟ್ಟಿರಲಿಲ್ಲ, ಮಗಳಿಗಂತೂ ಇಲ್ಲವೇ ಇಲ್ಲ.

ಗ್ರಹಣವೆಲ್ಲ ಸುಳ್ಳು ಅಂತ ಭಾಷಣ ಮಾಡಿದರೆ ಇಂಥವರು ತಲೆಯಾಡಿಸಿ ಎದ್ದು ಹೋಗುತ್ತಾರೆ, ನನಗೆ ಅನುಭವ ಇದೆ. ಅದಕ್ಕೆ ಗೋಡೆಯ ಕ್ಯಾಲೆಂಡರ್ ಇಳಿಸಿ ಮೇಜಿನ ಮೇಲಿಟ್ಟು ಲೆಕ್ಕ ಹಾಕಿದೆ. ಬಸಿರು ನಿಂತು 4ನೇ ವಾರಕ್ಕೆ ಕೂಸಿನ ಕುತ್ತಿಗೆ ಜಾಗದಲ್ಲಿ ಸಾಲಾಗಿ ಉಬ್ಬು-ತಗ್ಗು ಮೂಡುತ್ತವೆ, ನೋಡಲು ಮೀನಿನ ಕಿವಿರಿನ ಹಾಗೆ. ಮುಂದೆ ಅವೇ ದವಡೆ, ಕಿವಿ, ಗಂಟಲು ಆಗುವುದು. 7ನೇ ವಾರದ ಹೊತ್ತಿಗೆ ತಗ್ಗುಗಳು ಮುಚ್ಚಿಹೋಗಬೇಕು, ಒಂದೊಂದು ಸಲ ಪೂರ್ತಿ ಮುಚ್ಚುವುದಿಲ್ಲ, ಎರಡನೇ ಸಾಲಿನದೇ ಹೆಚ್ಚು, 100ರಲ್ಲಿ 90ರ ಮೇಲೆ. ನಿಮ್ಮ ಮಗಳು ಹುಟ್ಟಿದ್ದು ದೀಪಾವಳಿ ಮುಂದೆ ಅಲ್ವಾ? ಹಾಗಾದರೆ ಆ ತೂತು ಉಳಿದದ್ದು ಯುಗಾದಿ ಆಸುಪಾಸಿನಲ್ಲಿ. ಆಗ ನಿಮಗೆ ಬಸಿರಿನ ಸುದ್ದಿಯೇ ಸರಿಯಾಗಿ ಗೊತ್ತಿರಲಿಲ್ಲ. ಗ್ರಹಣ ಬರುವ ಹೊತ್ತಿಗೆ ಇದು ಆಗಿ ನಾಲ್ಕು ತಿಂಗಳ ಮೇಲಾಗಿತ್ತು.

ಬೆರಳು ಮಡಚಿ ತಾವೇ ಎರಡು ಸಲ ಎಣಿಸಿದರು. ಆಮೇಲೆ ಸುಮ್ನೆ ಕೂತರು.

ಇನ್ನು ಮದುವೆ ವಿಷಯ. ಗದಗಿನ ಹುಡುಗನ ಕಡೆಯವರು ಮೂರು ವಾರದಲ್ಲಿ ನೋಡಲು ಬರುವವರಿದ್ದರು. ಅಷ್ಟರೊಳಗೆ ಆಪರೇಷನ್ ಮುಗಿಸಿಬಿಡಬೇಕು, ಯಾರಿಗೂ ಹೇಳಬಾರದು, ಇದು ಮಾವನ ಹಟ. ಅದೇ ಹೊತ್ತಿಗೆ ತೂತು ಮತ್ತೆ ಕೆಂಪಾಗಿ ಕೀವು ಕಟ್ಟಿತ್ತು. ಕೀವಿದ್ದಾಗ ಡಾಕ್ಟರ್ ಕೈ ಹಾಕುವುದಿಲ್ಲ. ಮೊದಲು ಆಂಟಿಬಯಾಟಿಕ್, ಊತ ಇಳಿದು ಕೆಲವು ವಾರ ಕಳೆದ ಮೇಲೆಯೇ ಆಪರೇಷನ್. ಹಳೆಯ ಕೊಯ್ತದಿಂದಲೇ ನಳಿಕೆ ಒಳಗೆ ಅಂಟಿಕೊಂಡಿತ್ತು. ಮೊದಲು ಕೈಯಾಡಿಸದ ಪ್ರಕರಣದಲ್ಲಿ ತಿರುಗಿ ಬರುವುದು 100ಕ್ಕೆ 3ರಷ್ಟು, ಕೀವಾಗಿ ಕೊಯ್ಸಿಕೊಂಡಿದ್ದರೆ 20ರ ತನಕ ಹೋಗಬಹುದು. ನಳಿಕೆ ಹೋಗುವ ದಾರಿಯಾದರೂ ಎಂಥದು, ಮಿದುಳಿಗೂ ಮುಖಕ್ಕೂ ರಕ್ತ ಒಯ್ಯುವ ಎರಡು ದೊಡ್ಡ ರಕ್ತನಾಳಗಳ ನಡುವೆ ತೂರಿ, ನಾಲಿಗೆ ಆಡಿಸುವ ನರದ ಪಕ್ಕದಿಂದ. ಅವಸರ ಮಾಡುವ ಜಾಗವಲ್ಲ.

ಹಾಗಾಗಿ ನಾನು ಹೇಳಿದ್ದು, ಬರುವವರನ್ನು ಮುಂದೂಡಿ. ಹುಡುಗಿಗೆ ಹೇಳಿದ್ದು, ಆ ಹುಡುಗನಿಗೆ ನೀನೇ ಹೇಳು, ಮಾವನ ಬಾಯಿಂದ ಬೇಡ. "ಹುಟ್ಟಿನಿಂದ ಉಳಿದ ಒಂದು ನಳಿಕೆ, ಅಂಟುರೋಗ ಅಲ್ಲ, ತೆಗೆಸುತ್ತಿದ್ದೇನೆ" ಅಂತ ಮೂರೇ ಮಾತು, ಜೊತೆಗೆ ಡಾಕ್ಟರ ಕಾಗದ. ಮುಚ್ಚಿಟ್ಟರೆ ಕುತ್ತಿಗೆಯ ಗಾಯದ ಗೆರೆ ನಾಳೆ ತಾನೇ ಮಾತಾಡುತ್ತದೆ, ಆಗ ಜನ ಕಾಯಿಲೆಗಿಂತ ಸುಳ್ಳನ್ನೇ ಹಿಡಿದು ಜಗ್ಗುತ್ತಾರೆ. ಅವಳು ಹೇಳಿದಳು. ಆ ಸಂಬಂಧ ಮುಂದೆ ಹೋಗಲಿಲ್ಲ. ಇದೇ ಕಾರಣವೋ, ಬೇರೆಯೋ, ಅವರು ಬಾಯಿಬಿಡಲಿಲ್ಲ. ನನ್ನ ಸಲಹೆ ತಪ್ಪಿತು ಅಂತ ಮಾವ ಈಗಲೂ ಅನ್ನುತ್ತಾರೆ, ನನಗೆ ಹಾಗನ್ನಿಸುವುದಿಲ್ಲ.

ಮಾವನದೂ ಒಂದು ಕಥೆಯಿದೆ. 52 ವರ್ಷ, ಬಾಯಲ್ಲಿ ಸದಾ ಗುಟ್ಕಾ. ಇದೆಲ್ಲ ಕೇಳಿದ ಮೇಲೆ ತಮ್ಮ ಕುತ್ತಿಗೆಯ ಪಕ್ಕದ ಗಂಟು ಮುಟ್ಟಿ ತೋರಿಸಿ, ಎರಡು ತಿಂಗಳಿಂದ ಇದೆ, ನಂದೂ ಹುಟ್ಟಿನಿಂದ ಉಳಿದದ್ದೇ ಇರಬೇಕು ಅಂದರು. 40 ದಾಟಿದವರಲ್ಲಿ ಹೊಸದಾಗಿ ಬಂದ ಗಂಟನ್ನು, ಒಳಗೆ ಬರೀ ನೀರಿದ್ದರೂ, ಕ್ಯಾನ್ಸರ್ ಅಲ್ಲ ಅಂತ ಖಾತ್ರಿಯಾಗುವ ತನಕ ಹಗುರವಾಗಿ ತಗೊಳ್ಳಬಾರದು. ಅದೇ ದಿನ ಅದೇ ಡಾಕ್ಟರ ಹತ್ತಿರ ಅಟ್ಟಿದೆ.

ಹುಡುಗಿಯ ಆಪರೇಷನ್ ಜುಲೈನಲ್ಲಿ ಆಯಿತು. ತೂತಿನ ಸುತ್ತ ಒಂದು ಕೊಯ್ತ, ಮೇಲೆ ಇನ್ನೊಂದು, ಏಣಿಯ ಮೆಟ್ಟಿಲ ಹಾಗೆ. ಉದ್ದಕ್ಕೂ ಸೀಳಬೇಕಾಗಲಿಲ್ಲ. ನಳಿಕೆಯನ್ನು ಟಾನ್ಸಿಲ್ ತನಕ ಬಿಡಿಸಿ ಅಲ್ಲಿ ಕಟ್ಟಿ ಪೂರ್ತಿ ತೆಗೆದರು, ಪರೀಕ್ಷೆಗೆ ಕಳಿಸಿದರು, ಕೆಟ್ಟದ್ದೇನೂ ಇರಲಿಲ್ಲ.

ಹೊಲಿಗೆ ಬಿಚ್ಚಿಸಿಕೊಂಡ ದಿನ ಇಬ್ಬರೂ ಚಿಗರಿ ಬಸ್ ಹಿಡಿದು ಧಾರವಾಡಕ್ಕೆ ನನ್ನಲ್ಲಿಗೇ ಬಂದರು. ದುಪಟ್ಟಾ ಹೆಗಲ ಮೇಲಿತ್ತು. ಮಗಳು ನೀರು ಕುಡಿಯಲು ಹೊರಗೆ ಹೋದದ್ದೇ ತಡ, ತಾಯಿ ಕುರ್ಚಿ ಹತ್ತಿರ ಎಳೆದುಕೊಂಡು ಮೆಲ್ಲಗೆ ಕೇಳಿದರು: "ಅಕ್ಕಾರ, ಹಂಗಾದ್ರ ಯುಗಾದಿ ಹೊತ್ತಿಗೆ ನಾ ಏನ್ ಮಾಡಿದ್ನಿ?"

ಹೋಳಿಗೆ ಮಾಡಿರ್ತೀರಿ, ಇನ್ನೇನು ಅಂದೆ. ನಕ್ಕರು, ಆದರೆ ಉತ್ತರಕ್ಕೆ ಕಾಯುತ್ತಲೇ ಇದ್ದರು. ಮುಂದಿನ ತಿಂಗಳು ಒಬ್ಬರೇ ಬನ್ನಿ ಅಂತ ದಿನಾಂಕ ಬರೆದುಕೊಟ್ಟಿದ್ದೇನೆ.