ಒರಟು ಗಡ್ಡಕ್ಕೆ ದಪ್ಪ ರೇಜರ್ ಬೇಕಾ? ಒಡಿಕತ್ತಿ ಲೆಕ್ಕ ಮುಖದ ಮೇಲೆ ನಡೆಯುವುದಿಲ್ಲ

ಹಿಡಿಯೊಳಗೆ ಮಡಚುವ ಉದ್ದ ಅಲಗಿನ ರೇಜರ್ ಸಾಣೆ ಹಿಡಿಯುವುದು ನನ್ನ ಕಸುಬು. ನೀವು ಕಳಿಸಿದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಅದಕ್ಕೆ ಈ ಸಲ ಉದ್ದಕ್ಕೆ ಬರೆಯುತ್ತೇನೆ, ಆಮೇಲೆ ಇದನ್ನೇ ಮತ್ತೆ ಕೇಳಬೇಡಿ. ರೇಜರ್ ಹಿಡಿಯುವುದು ಹೇಗೆ, ನೊರೆ ಮಾಡುವುದು ಹೇಗೆ ಅನ್ನುವುದೆಲ್ಲ ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: ನನ್ನದು ತಂತಿಯಂಥ ಗಡ್ಡ. ಮನೆಯಲ್ಲಿ ಅಜ್ಜನ ಕಾಲದ, ಇಂಗ್ಲೆಂಡಿನ ಶೆಫೀಲ್ಡ್ ವೆಡ್ಜ್ ರೇಜರ್ (ಬದಿಯಲ್ಲಿ ಕುಳಿ ಇಲ್ಲದ ದಪ್ಪ ಅಲಗಿನದು) ಇದೆ. ಅದನ್ನು ಬಿಟ್ಟು ಹೊಸ ಫುಲ್ ಹಾಲೋ (ಎರಡೂ ಬದಿ ಆಳವಾಗಿ ಕುಳಿ ಕೊರೆದ ತೆಳ್ಳನೆ ಅಲಗಿನದು) ತೆಗೆದುಕೊಂಡೆ. ಗಲ್ಲದ ಹತ್ತಿರ ಕೂದಲು ಕಿತ್ತ ಹಾಗಾಗುತ್ತದೆ. ಒರಟು ಗಡ್ಡಕ್ಕೆ ವೆಡ್ಜೇ ಸರಿ ಅನ್ನುತ್ತಾರೆ, ನಿಜವಾ? (ಗೋಣಿಕೊಪ್ಪದ ಓದುಗರು)

ನಮ್ಮ ಕೊಡಗಿನ ಕಡೆಯವರಿಗೆ ಈ ನಂಬಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಮದುವೆಮನೆಯಲ್ಲಿ ಬಾಳೆ ಬಿರುದು, ಅಂದರೆ ಬಾಳೆದಿಂಡು ಕಡಿಯುವ ಶಾಸ್ತ್ರ, ನೋಡಿದ್ದೀರಿ. ಒಡಿಕತ್ತಿ (ಕೊಡವರ ಅಗಲ ಅಲಗಿನ ಭಾರದ ಕತ್ತಿ) ಬಿದ್ದ ಕೂಡಲೇ ಬಾಳೆದಿಂಡು ಎರಡು ತುಂಡು. ದಪ್ಪ ಕತ್ತಿ, ಗಟ್ಟಿ ಕೆಲಸ ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಅಲ್ಲಿ ಕೆಲಸ ಮಾಡುವುದು ತೂಕ ಮತ್ತು ಬೀಸು. ರೇಜರನ್ನು ಮುಖಕ್ಕೆ ಬೀಸುತ್ತೀರಾ?

ರೇಜರನ್ನು ಕಲ್ಲಿಗೆ ಹಾಕುವಾಗ ಬೆನ್ನು, ಮೊನೆ (ಕೊಯ್ಯುವ ಅಂಚು) ಎರಡೂ ಕಲ್ಲಿಗೆ ತಾಗಿರುತ್ತವೆ. ಹಾಗಾಗಿ ಮೊನೆಯ ಕೋನ ಎಷ್ಟು ಅಂತ ತೀರ್ಮಾನ ಆಗುವುದು ಬೆನ್ನಿನ ದಪ್ಪ ಮತ್ತು ಅಲಗಿನ ಅಗಲದಿಂದ. ನಡುವೆ ಎಷ್ಟು ಕುಳಿ ಕೊರೆದಿದ್ದಾರೆ ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. 16 ಮಿ.ಮೀ. ಅಗಲದ ಅಲಗು, 4.8 ಮಿ.ಮೀ. ಬೆನ್ನು ಅಂತಿಟ್ಟುಕೊಳ್ಳಿ. ಕೋನ 17 ಡಿಗ್ರಿ ಚಿಲ್ಲರೆ ಬರುತ್ತದೆ. ಅದು ವೆಡ್ಜ್ ಆಗಿರಲಿ, ಫುಲ್ ಹಾಲೋ ಆಗಿರಲಿ, ಕೂದಲಿಗೆ ತಾಗುವುದು ಅದೇ 17 ಡಿಗ್ರಿ. ಕೂದಲಿಗೆ ಮೊನೆಯ ಹಿಂದಿನ ವಿಷಯ ಗೊತ್ತಿಲ್ಲ.

ಹಾಗಾದರೆ ಗ್ರೈಂಡಿನಿಂದ, ಅಂದರೆ ಅಲಗಿಗೆ ಎಷ್ಟು ಕುಳಿ ಕೊರೆದಿದ್ದಾರೆ ಅನ್ನುವುದರಿಂದ, ಏನೂ ವ್ಯತ್ಯಾಸ ಇಲ್ಲವಾ? ಇದೆ, ಬೇರೆ ಕಡೆ ಇದೆ. ವೆಡ್ಜ್ ಗಡುಸು, ಭಾರ. ಒತ್ತಿದರೆ ಬಾಗುವುದಿಲ್ಲ, ತನ್ನ ತೂಕದಲ್ಲೇ ಮುಂದೆ ಸಾಗುತ್ತದೆ, ಸದ್ದು ಮಾಡುವುದಿಲ್ಲ. ಫುಲ್ ಹಾಲೋ ಅಲಗು ಕಾಗದದಷ್ಟು ತೆಳ್ಳಗೆ. ಒರಟು ಕೂದಲ ಮೇಲೆ ಹೋಗುವಾಗ ಸರ್ ಸರ್ ಅಂತ ಹಾಡುತ್ತದೆ. ಆ ಹಾಡು ಕೇಳಿಯೇ ಕೋನ ಸರಿ ಇದೆಯಾ ಇಲ್ಲವಾ ಅಂತ ಗೊತ್ತಾಗುತ್ತದೆ. ಆದರೆ ಮೊನೆ ಸ್ವಲ್ಪ ಮೊಂಡಾಗಿದ್ದರೆ, ಅಥವಾ ನೀವು ಬೆನ್ನನ್ನು ಜಾಸ್ತಿ ಎತ್ತಿ ಹಿಡಿದರೆ, ಆ ತೆಳ್ಳನೆ ಅಲಗು ಕೂದಲಿಗೆ ತಡೆದು ಬಾಗಿ, ಜಿಗಿಯುತ್ತದೆ. ನೀವು ಹೇಳುವ ಕಿತ್ತ ಹಾಗಿನ ನೋವು ಅದೇ. ವೆಡ್ಜ್ ಇಂಥ ತಪ್ಪನ್ನು ಕ್ಷಮಿಸುತ್ತದೆ, ಫುಲ್ ಹಾಲೋ ಕ್ಷಮಿಸುವುದಿಲ್ಲ. ಅಷ್ಟೇ ವಿಷಯ.

ಹೋದ ತಿಂಗಳು ಪೊನ್ನಂಪೇಟೆಯಿಂದ ಒಬ್ಬರು ಇದೇ ದೂರು ಹೊತ್ತುಕೊಂಡು ಬಂದರು. ಜರ್ಮನಿಯ ಸೋಲಿಂಗನ್ ರೇಜರ್, ಒಳ್ಳೆಯ ಮಾಲು. ಇದನ್ನು ಮಾರಿ ವೆಡ್ಜ್ ಕೊಡಿಸಿ ಅಂದರು. ಹತ್ತು ಪಟ್ಟಿನ ಲೆನ್ಸ್ ಇಟ್ಟು ನೋಡಿದೆ. ಮೊನೆ ಉದ್ದಕ್ಕೂ ಒಂದೇ ಕಡೆಗೆ ಮಡಚಿಕೊಂಡಿತ್ತು. ಸ್ಟ್ರಾಪ್ ಮಾಡಿ (ಚರ್ಮದ ಪಟ್ಟಿಯ ಮೇಲೆ ಅಲಗು ಎಳೆದು) ತೋರಿಸಿ ಅಂದೆ. ಚರ್ಮದ ಪಟ್ಟಿಯ ತುದಿ ಮುಟ್ಟಿದ ಕೂಡಲೇ ಅಲಗನ್ನು ಮೊನೆಯ ಮೇಲೆ ತಿರುಗಿಸಿದರು! ತಿರುಗಬೇಕಾದದ್ದು ಬೆನ್ನಿನ ಮೇಲೆ. ಪಟ್ಟಿಯ ತುದಿಯಲ್ಲಿ ಗೀರುಗಳ ಸಾಲೇ ಇತ್ತು. 8000 ಗ್ರಿಟ್ಟಿನ (ನಂಬರ್ ಏರಿದಷ್ಟು ನುಣುಪು) ಕಲ್ಲು, ಆಮೇಲೆ 12000, ಬಟ್ಟೆಯ ಪಟ್ಟಿಯಲ್ಲಿ 30 ಸಲ, ಚರ್ಮದಲ್ಲಿ 60 ಸಲ ಎಳೆದೆ. ಮುಂಗೈ ಕೂದಲ ಮೇಲೆ ಚರ್ಮಕ್ಕೆ ತಾಗದ ಹಾಗೆ ಆಡಿಸಿದೆ, ಕೂದಲು ಉದುರಿತು. ವೆಡ್ಜ್ ಮಾತು ಅಲ್ಲಿಗೆ ನಿಂತಿತು.

ಇನ್ನು ವೆಡ್ಜನ್ನು ಹೊಗಳುವವರು ಹೇಳದೆ ಬಿಡುವ ಒಂದು ವಿಷಯ. ಕುಳಿ ಇರುವ ರೇಜರಿನಲ್ಲಿ ಕಲ್ಲಿಗೆ ತಾಗುವುದು ಬೆನ್ನಿನ ಒಂದು ಗೆರೆ, ಮೊನೆಯ ಒಂದು ಗೆರೆ. ನಿಜವಾದ ವೆಡ್ಜಿನಲ್ಲಿ ಅಲಗಿನ ಇಡೀ ಬದಿ ತಾಗುತ್ತದೆ. ಅಷ್ಟೂ ಉಕ್ಕು ಸವೆಯಬೇಕು. ಹಳೆ ವೆಡ್ಜ್ ಒಂದನ್ನು ಮೊದಲಿಂದ ದಾರಿಗೆ ತರಲು ನನಗೇ ಅರ್ಧ ದಿನ ಹೋಗಿದೆ. ಬೆನ್ನಿಗೆ ಒಂದು ಸುತ್ತು ಟೇಪ್ ಸುತ್ತಿದರೆ ಕೆಲಸ ಕಡಿಮೆಯಾಗುತ್ತದೆ, ಕೋನ ಒಂದು ಡಿಗ್ರಿಯಷ್ಟು ಏರುತ್ತದೆ. ತಪ್ಪೇನಿಲ್ಲ. ಆದರೆ ಮುಂದೆ ಪ್ರತಿ ಸಲವೂ ಟೇಪ್ ಬೇಕಾಗುತ್ತದೆ.

ಈಗ ನನ್ನ ಸಲಹೆ. ಸಾಣೆ ನೀವೇ ಹಿಡಿಯುವವರಲ್ಲ, ಗಡ್ಡ ಒರಟು ಅಂದರೆ ಹಾಫ್ ಹಾಲೋ (ಎರಡರ ನಡುವಿನದು, ಕುಳಿ ಕಡಿಮೆ) ತೆಗೆದುಕೊಳ್ಳಿ. ಅಗಲ ಆರು ಬೈ ಎಂಟು, ಅಂದರೆ ಮುಕ್ಕಾಲು ಇಂಚು. ಗಡುಸುತನವೂ ಸಾಕಷ್ಟು, ಸ್ವಲ್ಪ ಸದ್ದೂ ಕೇಳಿಸುತ್ತದೆ, ಕಲ್ಲಿಗೂ ಬೇಗ ಬಗ್ಗುತ್ತದೆ. ಮೂಗಿನ ಕೆಳಗೆ ಮಾತ್ರ ಐದು ಬೈ ಎಂಟು ಇದ್ದಿದ್ದರೆ ಅನ್ನಿಸುತ್ತದೆ. ಮೀಸೆ ಬಿಡುವವರಿಗೆ ಆ ತೊಂದರೆಯೂ ಇಲ್ಲ, ನಮ್ಮಲ್ಲಿ ಮೀಸೆಗೇನು ಬರ! ನಿಮ್ಮ ಕೈಯಲ್ಲಿರುವ ಫುಲ್ ಹಾಲೋ ಮಾರಬೇಡಿ. ಮೊದಲು ಸಾಣೆಗೆ ಕೊಡಿ. ಮೂರು ನಿಮಿಷ ಬಿಸಿನೀರಲ್ಲಿ ಗಡ್ಡ ನೆನೆಸಿ, ಸುಮ್ನೆ ಒಂದು ಸಲ ಮುಖ ತೊಳೆದರೆ ಸಾಲದು. ಬೆನ್ನನ್ನು ಮುಖದಿಂದ 30 ಡಿಗ್ರಿಗಿಂತ ಜಾಸ್ತಿ ಎತ್ತಬೇಡಿ. ಗಲ್ಲದಲ್ಲಿ ಕೂದಲ ಎದುರಿಗೆ ಹೋಗಲೇಬೇಡಿ. ಗುಂಗುರು ಕೂದಲಾದರೆ ಅದು ಚರ್ಮದ ಒಳಗೇ ಬೆಳೆದು ಗುಳ್ಳೆಯಾಗುತ್ತದೆ. ಇದರಲ್ಲಿ ನಾನು ಹೆದರುಪುಕ್ಕಲ. ನುಣ್ಣಗೆ ಆಗದಿದ್ದರೂ ಪರವಾಗಿಲ್ಲ ಅನ್ನುವ ಜಾತಿ.

ಪ್ರಶ್ನೆ: ಆನ್‌ಲೈನಿನಲ್ಲಿ 700 ರೂಪಾಯಿಗೆ ಡಮಾಸ್ಕಸ್ (ಅಲೆ ಅಲೆ ಗೆರೆಯ ಉಕ್ಕಿನ) ರೇಜರ್ ಸಿಗುತ್ತದೆ. ತೆಗೆದುಕೊಳ್ಳಲಾ?

ಗೋಡೆಗೆ ತೂಗುಹಾಕಲು ಆದರೆ ತೆಗೆದುಕೊಳ್ಳಿ. ನಾನೂ ಒಂದಕ್ಕೆ ದುಡ್ಡು ಸುರಿದವನೇ. ಬೆನ್ನು ಸೊಟ್ಟ, ಕಲ್ಲಿನ ಮೇಲೆ ಇಟ್ಟರೆ ಕುಂಟುತ್ತಿತ್ತು.

ಪ್ರಶ್ನೆ: ಚಿಕ್ಕ ವಯಸ್ಸಲ್ಲೇ ಬೋಳಿಸಲು ಶುರುಮಾಡಿದ್ದಕ್ಕೆ ಗಡ್ಡ ದಪ್ಪವಾಯಿತಂತೆ, ಹೌದಾ?

ಅಲ್ಲ. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಅನ್ನುವ ವಿಜ್ಞಾನಿ ಇದನ್ನು ಪರೀಕ್ಷೆ ಮಾಡಿ ಸುಳ್ಳು ಅಂತ ತೋರಿಸಿದ್ದಾರೆ. ಕತ್ತರಿಸಿದ ತುದಿ ಮೊಂಡಾಗಿರುತ್ತದೆ, ಕೈಗೆ ಚುಚ್ಚುತ್ತದೆ, ಅಷ್ಟೇ.

ಪ್ರಶ್ನೆ: ಗಡ್ಡ ಮೆತ್ತಗಾಗಲು ಸಂತೆಯಲ್ಲಿ ಒಬ್ಬರು ಬೇರಿನ ಎಣ್ಣೆ ಕೊಟ್ಟರು. ತಿಂಗಳು ಹಚ್ಚಿದರೆ ಕೂದಲು ಶಾಶ್ವತವಾಗಿ ನುಣುಪಾಗುತ್ತದಂತೆ.

ಕೂದಲ ದಪ್ಪ ತೀರ್ಮಾನವಾಗುವುದು ಚರ್ಮದ ಒಳಗಿನ ಬುಡದಲ್ಲಿ. ಆ ಎಣ್ಣೆಯ ದುಡ್ಡಿಗೆ ಒಂದು ಸೋಪ್ ತೆಗೆದುಕೊಳ್ಳಿ.

ಪ್ರಶ್ನೆ: ಅಣ್ಣ ತಮ್ಮ ಇಬ್ಬರೂ ಒಂದೇ ರೇಜರ್ ಬಳಸಬಹುದಾ?

ಬೇಡ. ಹೆಪಟೈಟಿಸ್ ಬಿ ಕಣ್ಣಿಗೆ ಕಾಣದಷ್ಟು ರಕ್ತದಲ್ಲೂ ಹರಡುತ್ತದೆ.

ಪ್ರಶ್ನೆ: ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ರೇಜರ್ ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತದೆ. ಒಲೆ ಮೇಲಿನ ಅಟ್ಟದಲ್ಲಿ ಇಡಬಹುದಾ? (ಭಾಗಮಂಡಲದ ಓದುಗರು)

ಅಯ್ಯೋ, ಬೇಡ. ಹಳೆಯ ರೇಜರುಗಳ ಹಿಡಿ ಎಷ್ಟೋ ಸಲ ಸೆಲ್ಯುಲಾಯ್ಡಿನದ್ದು. ಅದು ಬೆಂಕಿಗೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಹಳತಾದಾಗ ಬಿಡುವ ಆವಿಯೇ ಅಲಗನ್ನು ತಿನ್ನುತ್ತದೆ. ಬಳಸಿದ ಮೇಲೆ ಅಲಗು, ತಿರುಗಣೆ (ಅಲಗು ಹಿಡಿಗೆ ಸೇರುವ ಕೀಲು) ಎರಡನ್ನೂ ಒರೆಸಿ. ಒಂದು ಗಂಟೆ ತೆರೆದಿಟ್ಟು, ಹೊಲಿಗೆ ಮಿಷನ್ನಿನ ಎಣ್ಣೆ ಒಂದು ತೊಟ್ಟು ಸವರಿ. ಕೊಬ್ಬರಿ ಎಣ್ಣೆ ಬೇಡ, ಕಮಟು ಹಿಡಿಯುತ್ತದೆ. ಚರ್ಮದ ಚೀಲದಲ್ಲಂತೂ ಇಡಲೇಬೇಡಿ, ಅದು ತೇವ ಹೀರಿಕೊಂಡು ಕೂತಿರುತ್ತದೆ. ಸ್ಟ್ರಾಪಿಗೆ ಬೂಷ್ಟು ಬಂದರೆ ಒಣ ಬಟ್ಟೆಯಲ್ಲಿ ಒರೆಸಿ ಗಾಳಿಗೆ ತೂಗುಹಾಕಿ. ಮಳೆ ಮುಗಿಯುವ ತನಕ ನನ್ನ ಸ್ಟ್ರಾಪ್ ಹಾಲಿನ ಫ್ಯಾನ್ ಕೆಳಗೇ ತೂಗುತ್ತಿರುತ್ತದೆ. ಬಂದ ನೆಂಟರೆಲ್ಲ ಅದೇನು ಅಂತ ಕೇಳುತ್ತಾರೆ.